ನಿಂತರೆ ಕೆಡುವ ದೇಹ: ಕುದುರೆಯ ಆರೈಕೆಯ ಹಿಂದಿನ ವಿಜ್ಞಾನ

ಸುಗ್ಗಿ ಮುಗಿದ ಮೇಲೆ ಬೈಲಹೊಂಗಲದಿಂದ ಸವದತ್ತಿಗೋ, ಸವದತ್ತಿಯಿಂದ ರಾಮದುರ್ಗಕ್ಕೋ ಬಸ್ಸಿನಲ್ಲಿ ಹೋಗುವಾಗ ಎರೆಹೊಲಗಳಲ್ಲಿ ಕುರಿಹಿಂಡು ತಂಗಿರುವುದನ್ನು ನೀವು ನೋಡಿರಬಹುದು. ಹಿಂಡಿನ ಪಕ್ಕದಲ್ಲಿ ಒಂದೆರಡು ಗಿಡ್ಡ ಕುದುರೆಗಳು ಮೇಯುತ್ತಿರುತ್ತವೆ. ಊರಿಂದೂರಿಗೆ ಸಾಗುವ ಕುರುಬರು ತಮ್ಮ ಕಂಬಳಿ, ಪಾತ್ರೆ-ಪಡಗ, ಬಲೆ, ನಡೆಯಲಾರದ ಎಳೆಮರಿಗಳನ್ನು ಹೇರುವುದು ಈ ತಟ್ಟುಗಳ ಮೇಲೆ. ಇವುಗಳಿಗೆ ಲಾಯವಿಲ್ಲ, ದಿನವೂ ಕಾಳಿನ ಬುಟ್ಟಿ ಇಲ್ಲ. ಇನ್ನೊಂದೆಡೆ ಮೆರವಣಿಗೆಗೆಂದು, ಜಾತ್ರೆಯ ಗಾಡಿ ಶರ್ಯತ್ತಿಗೆಂದು ಸಾಕಿದ ಕುದುರೆಗಳಿವೆ. ಅವಕ್ಕೆ ನೆರಳುಂಟು, ಹೊಟ್ಟೆ ತುಂಬ ಕಾಳುಂಟು. ಆದರೆ ದಿನದ ಬಹುಪಾಲು ಗೂಟಕ್ಕೆ ಕಟ್ಟಿ ಹಾಕಿರುತ್ತಾರೆ.

ಇವೆರಡರಲ್ಲಿ ಹೊಟ್ಟೆನೋವು, ಗೊರಸಿನ ಬೇನೆಗಳ ಅಪಾಯ ಯಾವುದಕ್ಕೆ ಹೆಚ್ಚು? ಕಟ್ಟಿ ಹಾಕಿ ಕಾಳು ತಿನ್ನಿಸಿದ ಕುದುರೆಗೇ ಹೆಚ್ಚು. ಇದು ಹೇಗೆ?

ಕಿತ್ತೂರು ಸೀಮೆಯಲ್ಲಿ ಕುದುರೆಯ ಬಗ್ಗೆ ಅಭಿಮಾನಕ್ಕೆ ಕೊರತೆಯಿಲ್ಲ. 1824ರ ಅಕ್ಟೋಬರ್ 23ರ ವಿಜಯದ ನೆನಪಿಗೆ ನಡೆಯುವ ಕಿತ್ತೂರು ಉತ್ಸವ, ಕುದುರೆಯೇರಿದ ಚೆನ್ನಮ್ಮನ ಪ್ರತಿಮೆಗಳು ನಮಗೆಲ್ಲ ಪರಿಚಿತ. ಆದರೆ ಕುದುರೆಯ ದೇಹದ ಪರಿಚಯ ಅಷ್ಟಿಲ್ಲ. ಎತ್ತು, ಎಮ್ಮೆ ಸಾಕಿ ಬಲ್ಲ ನಾವು ಕುದುರೆಯನ್ನೂ ಎತ್ತಿನಂತೆಯೇ ನೋಡಿಕೊಳ್ಳಲು ಹೋಗುತ್ತೇವೆ. ತೊಂದರೆ ಶುರುವಾಗುವುದು ಅಲ್ಲಿಯೇ.

ಹೊಟ್ಟೆ ಚಿಕ್ಕದು, ಕರುಳು ದೊಡ್ಡದು

ಎತ್ತಿನ ಜಠರದಲ್ಲಿ ನಾಲ್ಕು ಕೋಣೆಗಳಿವೆ. ಅದು ಅವಸರದಲ್ಲಿ ಮೇವು ನುಂಗಿ, ಆಮೇಲೆ ನೆರಳಲ್ಲಿ ಮಲಗಿ ಮೆಲುಕು ಹಾಕುತ್ತದೆ. ಎತ್ತಿಗೆ ವಿಶ್ರಾಂತಿ ಎಂದರೆ ಜೀರ್ಣಕ್ರಿಯೆಯ ಒಂದು ಭಾಗವೇ ಸರಿ. ಕುದುರೆಗೆ ಇರುವುದು ಒಂದೇ ಕೋಣೆಯ ಜಠರ. ಸುಮಾರು 500 ಕಿಲೋ ತೂಕದ ದೊಡ್ಡ ಕುದುರೆಯಲ್ಲಿಯೂ ಅದರ ಗಾತ್ರ 8ರಿಂದ 15 ಲೀಟರ್ ಮಾತ್ರ. ನಾರಿನ ಮೇವು ಹುದುಗಿ ಜೀರ್ಣವಾಗುವುದು ಕರುಳಿನ ಹಿಂಭಾಗದಲ್ಲಿ, ಅಂದರೆ ಸೀಕಮ್ ಎಂಬ ದೊಡ್ಡ ಚೀಲದಲ್ಲಿ ಮತ್ತು ದೊಡ್ಡ ಕರುಳಿನಲ್ಲಿ. ಅಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು ನಾರನ್ನು ಒಡೆದು ಕುದುರೆಗೆ ಶಕ್ತಿ ಒದಗಿಸುತ್ತವೆ.

ಇದರಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದು: ಕುದುರೆಗೆ ಸ್ವಲ್ಪಸ್ವಲ್ಪವಾಗಿ, ಹೆಚ್ಚು ಹೊತ್ತು ಮೇವು ಸಿಗಬೇಕು. ಬಯಲಲ್ಲಿ ಬಿಟ್ಟ ಕುದುರೆ ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ಹೆಜ್ಜೆ ಹಾಕುತ್ತಲೇ ಮೇಯುತ್ತದೆ. ಅದರ ಜಠರದಲ್ಲಿ ಆಮ್ಲ ಸದಾ ಒಸರುತ್ತಿರುತ್ತದೆ. ಆದರೆ ಆಮ್ಲವನ್ನು ತಣಿಸುವ ಜೊಲ್ಲು ಅಗಿಯುವಾಗ ಮಾತ್ರ ಬರುತ್ತದೆ. ಆದ್ದರಿಂದ ಬಹಳ ಹೊತ್ತು ಖಾಲಿ ಹೊಟ್ಟೆಯಲ್ಲಿಟ್ಟರೆ ಜಠರದಲ್ಲಿ ಹುಣ್ಣಾಗಬಹುದು.

ಎರಡು: ಒಮ್ಮೆಲೆ ಬುಟ್ಟಿ ತುಂಬ ಜೋಳ, ಗೋವಿನಜೋಳ ತಿನ್ನಿಸಿದರೆ ಸಣ್ಣ ಕರುಳಿನಲ್ಲಿ ಪಿಷ್ಟವೆಲ್ಲ ಕರಗುವುದಿಲ್ಲ. ಉಳಿದದ್ದು ಹಿಂದಿನ ಕರುಳಿಗೆ ಹೋಗಿ ಹುಳಿಯುತ್ತದೆ. ಲ್ಯಾಕ್ಟಿಕ್ ಆಮ್ಲ ಹೆಚ್ಚಿ, ನಾರು ಕರಗಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ. ಇದರ ಪರಿಣಾಮ ಹೊಟ್ಟೆನೋವಿಗೇ ನಿಲ್ಲುವುದಿಲ್ಲ. ಗೊರಸಿನೊಳಗಿನ ಪದರಗಳು ಉರಿಗೊಂಡು ಸಡಿಲಾಗುವ ಲ್ಯಾಮಿನೈಟಿಸ್ ಬರಬಹುದು. ತಿಂದದ್ದು ಬಾಯಲ್ಲಿ, ಕುಂಟುವುದು ಕಾಲಲ್ಲಿ!

ಮೂರು: ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಅನ್ನನಾಳ ಜಠರವನ್ನು ಸೇರುವಲ್ಲಿ ಇರುವ ಸ್ನಾಯು ಅಷ್ಟು ಬಿಗಿ. ಆದ್ದರಿಂದ ತಪ್ಪಿ ತಿಂದದ್ದಕ್ಕೆ ಹಿಂದಿರುಗುವ ದಾರಿಯಿಲ್ಲ.

ತೂಕ ಎಷ್ಟು, ಮೇವು ಎಷ್ಟು?

ತಕ್ಕಡಿ ಇಲ್ಲದೆಯೂ ಕುದುರೆಯ ತೂಕವನ್ನು ಅಂದಾಜು ಮಾಡಬಹುದು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ತುದಿಯಿಂದ ಪಿರ್ರೆಯ ತುದಿಯವರೆಗಿನ ಉದ್ದವನ್ನೂ ಸೆಂಟಿಮೀಟರಿನಲ್ಲಿ ಅಳೆಯಿರಿ. ಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ 11,880ರಿಂದ ಭಾಗಿಸಿದರೆ ತೂಕ ಕಿಲೋಗ್ರಾಮಿನಲ್ಲಿ ಸಿಗುತ್ತದೆ. ಸುತ್ತಳತೆ 135, ಉದ್ದ 130 ಇದ್ದರೆ ಉತ್ತರ ಸುಮಾರು 200 ಕಿಲೋ.

ಇಂತಹ ತಟ್ಟಿಗೆ ದಿನಕ್ಕೆ ತನ್ನ ತೂಕದ ಶೇಕಡಾ 2ರಷ್ಟು, ಅಂದರೆ ಸುಮಾರು 4 ಕಿಲೋ ಒಣಮೇವು ಬೇಕು. ಕಣಿಕೆಯನ್ನು ಇಡಿಯಾಗಿ ಹಾಕದೆ ಕತ್ತರಿಸಿ, ದೂಳು-ಬೂಸು ಇಲ್ಲದಂತೆ ಕೊಡಬೇಕು. ಒಣಹುಲ್ಲು ಸಿಕ್ಕರೆ ಇನ್ನೂ ಒಳ್ಳೆಯದು. ಕಾಳನ್ನು ದುಡಿಮೆಗೆ ತಕ್ಕಂತೆ, ಒಂದು ಹೊತ್ತಿಗೆ ಅರ್ಧ ಕಿಲೋ ಮೀರದಂತೆ ಕೊಡಬೇಕು. ಹುರಳಿಯನ್ನು ಬೇಯಿಸಿಯೇ ಹಾಕಬೇಕು. ಹಸಿ ಹುರಳಿಯಲ್ಲಿ ಪ್ರೋಟೀನಿನ ಜೀರ್ಣಕ್ರಿಯೆಯನ್ನು ತಡೆಯುವ ವಸ್ತುಗಳಿವೆ. ಮೇವು ಬದಲಿಸುವುದಿದ್ದರೆ ಏಳೆಂಟು ದಿನಗಳಲ್ಲಿ ನಿಧಾನವಾಗಿ ಬದಲಿಸಿ; ಕರುಳಿನ ಸೂಕ್ಷ್ಮಜೀವಿಗಳು ಹೊಂದಿಕೊಳ್ಳಲು ಅಷ್ಟು ಸಮಯ ಬೇಕು.

ಎರಡು ಎಚ್ಚರಿಕೆಗಳು. ಹಸಿರು ಜೋಳವನ್ನು ವಾರಗಟ್ಟಲೆ ಮೇಯಿಸಿದರೆ ಕುದುರೆಯ ಮೂತ್ರಕೋಶ ಮತ್ತು ಬೆನ್ನುಹುರಿಗೆ ಹಾನಿಯಾಗಿ ಹಿಂಗಾಲು ತೂರಾಡಬಹುದು. ಕೋಳಿ ಆಹಾರವನ್ನಂತೂ ಎಂದಿಗೂ ಹಾಕಬೇಡಿ. ಕೋಳಿಗಳ ರೋಗ ತಡೆಗೆ ಅದರಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧಿ ಕುದುರೆಯ ಹೃದಯಕ್ಕೆ ವಿಷ.

200 ಕಿಲೋ ತಟ್ಟಿಗೆ ತಂಪು ದಿನದಲ್ಲಿ 10 ಲೀಟರ್ ನೀರು ಬೇಕಾದರೆ, ರಾಮದುರ್ಗದ ಕಡೆಯ ಬೇಸಗೆಯಲ್ಲಿ ಹೊರೆ ಹೊತ್ತು ನಡೆದಾಗ ಅದರ ಎರಡು ಪಟ್ಟು ಅಥವಾ ಇನ್ನೂ ಹೆಚ್ಚು ಬೇಕಾಗುತ್ತದೆ. ಒರಟು ಕಣಿಕೆ ತಿಂದು ನೀರು ಸಾಲದಾದರೆ ಕರುಳಿನಲ್ಲಿ ಮೇವು ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಕುದುರೆಯ ಬೆವರಿನಲ್ಲಿ ರಕ್ತರಸಕ್ಕಿಂತಲೂ ಹೆಚ್ಚು ಲವಣವಿರುವುದರಿಂದ ದಿನಕ್ಕೆ ಸುಮಾರು 20 ಗ್ರಾಂ ಉಪ್ಪನ್ನೂ ಕೊಡಬೇಕು. ಬೆವತ ಕುದುರೆಗೆ ನೀರು ಕುಡಿಸಬಾರದೆಂಬ ಹಳೆಯ ನಂಬಿಕೆಗೆ ಆಧಾರವಿಲ್ಲ. ಕುಡಿಯಲು ಬಿಡಿ, ಮೈಮೇಲೆ ನೀರು ಸುರಿದು ತಂಪು ಮಾಡಿ.

ನಡಿಗೆ ಎಂಬ ಔಷಧಿ

ಮುಂಗಾಲಿನ ಮಂಡಿಯಿಂದ ಕೆಳಗೆ ಕುದುರೆಗೆ ಹೇಳಿಕೊಳ್ಳುವಂಥ ಮಾಂಸಖಂಡಗಳಿಲ್ಲ. ಅಲ್ಲಿರುವುದು ಮೂಳೆ ಮತ್ತು ಸ್ನಾಯುರಜ್ಜು. ಪಾದದಿಂದ ರಕ್ತ ಮೇಲೇರಲು ನೆರವಾಗುವುದು ಗೊರಸೇ. ಗೊರಸಿನ ತಳದಲ್ಲಿ ಫ್ರಾಗ್ ಎಂಬ ಮೆತ್ತನೆಯ ಮುಕ್ಕೋನ ಭಾಗವಿದೆ. ಹೆಜ್ಜೆ ಊರಿದಾಗ ಗೊರಸು ತುಸು ಅಗಲವಾಗಿ ಅಭಿಧಮನಿಗಳ ಜಾಲ ಅದುಮಿ, ರಕ್ತ ಮೇಲಕ್ಕೆ ತಳ್ಳಲ್ಪಡುತ್ತದೆ. ಕುದುರೆ ನಡೆದಷ್ಟೂ ಈ ಪಂಪು ಕೆಲಸ ಮಾಡುತ್ತದೆ. ಕಟ್ಟಿ ಹಾಕಿದ ಕುದುರೆಯ ಕಾಲು ಊದಿಕೊಳ್ಳುವುದು ಏಕೆಂದು ಈಗ ತಿಳಿಯಿತಲ್ಲವೇ? ಕರುಳಿನ ಚಲನೆಗೂ ನಡಿಗೆ ನೆರವಾಗುತ್ತದೆ.

ಓಟದ ಸಮಯದಲ್ಲಿ ಇನ್ನೊಂದು ವಿಸ್ಮಯ ನಡೆಯುತ್ತದೆ. ಗುಲ್ಮವು ಕುಗ್ಗಿ ತನ್ನಲ್ಲಿ ಕೂಡಿಟ್ಟ ಕೆಂಪುಕಣಗಳನ್ನು ರಕ್ತಕ್ಕೆ ಬಿಡುತ್ತದೆ. ವಿಶ್ರಾಂತಿಯಲ್ಲಿ ರಕ್ತದ ಶೇಕಡಾ 40ರ ಸುಮಾರಿಗಿದ್ದ ಕೆಂಪುಕಣಗಳ ಪಾಲು ಶೇಕಡಾ 60ನ್ನೂ ಮುಟ್ಟುತ್ತದೆ. ಇದರಿಂದ ಹೆಚ್ಚು ಆಮ್ಲಜನಕ ಸಾಗುತ್ತದೆ.

ಆದರೆ ಶರ್ಯತ್ತಿಗೆ ತಯಾರಿ ಮಾಡುವವರು ಒಂದು ಮಾತನ್ನು ಮರೆಯಬಾರದು. ಹೃದಯ, ಮಾಂಸಖಂಡಗಳು ಕೆಲವು ವಾರಗಳಲ್ಲಿ ಪಳಗುತ್ತವೆ. ಮೂಳೆ, ಸ್ನಾಯುರಜ್ಜುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಜಾತ್ರೆಗೆ ಹದಿನೈದು ದಿನ ಇರುವಾಗ ಓಡಿಸಲು ತೊಡಗಿದರೆ ಕುದುರೆಗೆ ದಮ್ಮು ಬಂದಿರುತ್ತದೆ, ಕಾಲು ಬಂದಿರುವುದಿಲ್ಲ. ಮೊದಲ ತಿಂಗಳು ದಿನವೂ ಅರ್ಧದಿಂದ ಒಂದು ತಾಸು ನಡಿಗೆ, ಆಮೇಲೆ ನಿಧಾನದ ಓಟ, ಕೊನೆಗೆ ವೇಗ: ಇದು ಸರಿಯಾದ ಕ್ರಮ. ಪ್ರತಿ ಸಲ ಮೊದಲಿಗೂ ಕೊನೆಗೂ ಹತ್ತು ನಿಮಿಷ ನಡೆಸಬೇಕು. ಹೊರೆ ತನ್ನ ತೂಕದ ಐದನೇ ಒಂದು ಭಾಗ ಮೀರದಿದ್ದರೆ ಒಳ್ಳೆಯದು. 200 ಕಿಲೋ ತಟ್ಟಿಗೆ 40 ಕಿಲೋ.

ಎರೆಮಣ್ಣು, ಹಗ್ಗ ಮತ್ತು ಧನುರ್ವಾಯು

ಮಳೆಗಾಲದ ಎರೆಮಣ್ಣು ಗೊರಸಿನ ತಳದಲ್ಲಿ ಅಂಟಿ ಗಾಳಿಯಾಡದಂತೆ ಮಾಡುತ್ತದೆ. ಹೆಚ್ಚು ಮಳೆ ಬೀಳುವ ಕಿತ್ತೂರಿನ ಕಡೆಯೂ ಗೊರಸಿಗೆ ತೇವದ ಕಾಟ ತಪ್ಪದು. ಆಗ ಫ್ರಾಗ್ ಕೊಳೆತು ಕಪ್ಪಗಾಗಿ ನಾರುತ್ತದೆ. ದಿನಕ್ಕೊಮ್ಮೆ ಗೊರಸೆತ್ತಿ ಕೆರೆದು ಒಣಗಿಸಿದರೆ ಇದನ್ನು ತಡೆಯಬಹುದು. ಆರರಿಂದ ಎಂಟು ವಾರಗಳಿಗೊಮ್ಮೆ ಗೊರಸು ಕತ್ತರಿಸಿ ಲಾಳ ಬದಲಿಸಬೇಕು.

ಮೇಯಲು ಬಿಡುವಾಗ ಮುಂಗಾಲುಗಳನ್ನು ಹಗ್ಗದಿಂದ ಕಟ್ಟುವ ರೂಢಿಯಿದೆ. ನೈಲಾನ್ ಹಗ್ಗ ಚರ್ಮವನ್ನು ಕೊರೆಯುತ್ತದೆ. ಲದ್ದಿ, ಮಣ್ಣಿನಲ್ಲಿರುವ ಧನುರ್ವಾಯು ಬ್ಯಾಕ್ಟೀರಿಯಕ್ಕೆ ಇಂತಹ ಗಾಯವೇ ಬಾಗಿಲು. ಸಾಕುಪ್ರಾಣಿಗಳಲ್ಲಿ ಈ ವಿಷಕ್ಕೆ ಕುದುರೆಯಷ್ಟು ಬೇಗ ಬಲಿಯಾಗುವ ಪ್ರಾಣಿ ಇನ್ನೊಂದಿಲ್ಲವೆನ್ನಬೇಕು. ಮೊದಲ ಸಲ ನಾಲ್ಕರಿಂದ ಆರು ವಾರಗಳ ಅಂತರದಲ್ಲಿ ಎರಡು ಲಸಿಕೆ, ಮುಂದೆ ಪಶುವೈದ್ಯರು ಹೇಳಿದಂತೆ ಕೊಡಿಸಿದರೆ ಸಾಕು. ಕಟ್ಟಲೇಬೇಕಾದರೆ ಅಗಲವಾದ ಮೆತ್ತನೆಯ ಬಟ್ಟೆಯ ಪಟ್ಟಿ ಬಳಸಿ, ಸ್ವಲ್ಪ ಹೊತ್ತಿಗೆ ಬಿಚ್ಚಿಬಿಡಿ.

ಬೇಸರವೂ ಒಂದು ಬೇನೆ

ಕುದುರೆ ಗುಂಪಿನ ಪ್ರಾಣಿ. ಒಂಟಿಯಾಗಿ ಕಟ್ಟಿ ಹಾಕಿದ ಕುದುರೆ ಗೂಟ ಕಚ್ಚುವುದು, ನಿಂತಲ್ಲೇ ಅತ್ತಿತ್ತ ತೂಗುವುದು ಕೆಟ್ಟ ಚಾಳಿಯಲ್ಲ. ಮೇವು, ನಡಿಗೆ, ಜೊತೆ ಈ ಮೂರರಲ್ಲಿ ಯಾವುದೋ ಸಾಲದೆಂಬ ಸೂಚನೆ. ಹೊಡೆದರೆ ಅದು ಹೋಗುವುದಿಲ್ಲ. ಇನ್ನೊಂದು ಕುದುರೆ ಇಲ್ಲದಿದ್ದರೆ ಆಡು, ಕುರಿಯ ಜೊತೆಯೂ ನೆರವಾಗುತ್ತದೆ. ಕುರುಬರ ತಟ್ಟಿಗೆ ಇವು ಮೂರೂ ಕೇಳದೆಯೇ ಸಿಗುತ್ತವೆ. ಅದಕ್ಕೆ ಸಾಮಾನ್ಯವಾಗಿ ಸಾಲದಿರುವುದು ಲಸಿಕೆ, ಜಂತಿನ ಔಷಧಿ ಮತ್ತು ಗೊರಸಿನ ಆರೈಕೆ.

ತಡಮಾಡಬಾರದ ಹೊತ್ತು

ಮೇವು ಬಿಟ್ಟು ಹೊಟ್ಟೆಯತ್ತ ತಿರುಗಿ ನೋಡುವುದು, ನೆಲ ಕೆರೆಯುವುದು, ಹೊರಳಾಡುವುದು, ಲದ್ದಿ ನಿಲ್ಲುವುದು ಹೊಟ್ಟೆನೋವಿನ ಲಕ್ಷಣಗಳು. ಮೇವು ತೆಗೆದು ಕೂಡಲೇ ಪಶುವೈದ್ಯರನ್ನು ಕರೆಸಿ. ಎತ್ತಿಗೆ ಮಾಡುವಂತೆ ಗೊಟ್ಟದಲ್ಲಿ ಎಣ್ಣೆ, ಕಷಾಯ ಕುಡಿಸಬೇಡಿ. ಅದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಕುತ್ತು. ಮೂಗಿನಿಂದ ಅಂಟಾದ ಕೀವು, ಚರ್ಮದ ಮೇಲೆ ಒಡೆಯುವ ಗಂಟುಗಳು ಕಂಡರೆ ಗ್ಲ್ಯಾಂಡರ್ಸ್ ಇರಬಹುದು. ಇದು ಮನುಷ್ಯರಿಗೂ ಅಂಟುವ ರೋಗ. 2009ರ ಕಾಯಿದೆಯಂತೆ ಇದನ್ನು ತಿಳಿಸುವುದು ಕಡ್ಡಾಯ.

ನೀವೇ ಪರೀಕ್ಷಿಸಿ

ಶಿಕ್ಷಕರು ಒಡೆಯನ ಒಪ್ಪಿಗೆ ಪಡೆದು, ಅವನು ಕುದುರೆಯನ್ನು ಹಿಡಿದು ನಿಂತಿರುವಾಗ ಮಕ್ಕಳಿಗೆ ಈ ಪ್ರಯೋಗ ತೋರಿಸಬಹುದು. ಎಂದಿಗೂ ಕುದುರೆಯ ಹಿಂದೆ ನಿಲ್ಲಬೇಡಿ. ಕೆಳದವಡೆಯ ಒಳಅಂಚಿನಲ್ಲಿ ಬೆರಳಿಟ್ಟು ನಾಡಿ ಎಣಿಸಿ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44 ಬಡಿತ. ಗಿಡ್ಡ ತಳಿಗಳಲ್ಲಿ ತುಸು ಹೆಚ್ಚು. ಉಸಿರು 8ರಿಂದ 16. ಒಸಡನ್ನು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪೇರಬೇಕು. ಕೆಲಸ ನಿಂತ 10-15 ನಿಮಿಷಗಳಲ್ಲಿ ನಾಡಿ 60ರ ಸುಮಾರಿಗೆ ಇಳಿದರೆ ದುಡಿಮೆ ಅದರ ಶಕ್ತಿಗೆ ತಕ್ಕುದಾಗಿದೆ ಎಂದರ್ಥ. ಇಳಿಯದಿದ್ದರೆ ನಾವು ಹೆಚ್ಚು ದುಡಿಸಿದ್ದೇವೆ. ಆ ಲೆಕ್ಕವನ್ನು ಒಡೆಯನಿಗೂ ತೋರಿಸಿ. ಮಾತು ಬಾರದ ಪ್ರಾಣಿ ಅಂಕಿಗಳಲ್ಲಿ ತನ್ನ ಸ್ಥಿತಿಯನ್ನು ಹೇಳಿಕೊಂಡಂತಾಗುತ್ತದೆ.