ತುಕ್ಕಿನ ಮೂಗು

ಆಳಂದ ತಾಲ್ಲೂಕಿನ ಭೂಸನೂರಿನಂಥ ಸಕ್ಕರೆ ಕಾರ್ಖಾನೆಯ ಊರುಗಳಲ್ಲಿ ಕಬ್ಬು ನುರಿಸುವ ಹಂಗಾಮಿನ ವಾಸನೆ ಯಾರಿಗೂ ಹೊಸದಲ್ಲ. ಕಾಕಂಬಿಯ ಅಂಶವುಳ್ಳ ತ್ಯಾಜ್ಯ ನೀರು ಎಲ್ಲಿಯೇ ಆಗಲಿ ಗಾಳಿಯಾಡದ ಗುಂಡಿಯಲ್ಲಿ ನಿಂತರೆ, ಸೂಕ್ಷ್ಮಜೀವಿಗಳು ಅದರೊಳಗಿನ ಗಂಧಕವನ್ನು ಹೈಡ್ರೋಜನ್ ಸಲ್ಫೈಡ್ ಅನಿಲವಾಗಿ ಮಾರ್ಪಡಿಸುತ್ತವೆ. ಕೊಳೆತ ಮೊಟ್ಟೆಯ ನಾತ ಬೀರುವ ಈ ವಿಷಾನಿಲ ಗಾಳಿಗಿಂತ ತುಸು ಭಾರವಾದ್ದರಿಂದ ತಗ್ಗಿನಲ್ಲೇ ಉಳಿಯುತ್ತದೆ. ನಾತ ನಿಂತರೆ ಅಪಾಯವೂ ಕಳೆಯಿತೆಂದು ನಂಬುವವರು ಹಲವರಿದ್ದಾರೆ. ಇಷ್ಟು ಮಾರಕವಾದ ತಪ್ಪು ತಿಳಿವಳಿಕೆ ಇನ್ನೊಂದಿಲ್ಲ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದಾಗಲೂ ಈ ಅನಿಲವನ್ನು ಗುರುತಿಸಬಲ್ಲ ಮನುಷ್ಯನ ಮೂಗು, ಅದರ ಪ್ರಮಾಣ ಸುಮಾರು 100 ಪಾಲಿಗೇರಿದಾಗ ಮರಗಟ್ಟಿ ಏನೂ ಇಲ್ಲವೆಂದು ಸುಳ್ಳು ಹೇಳುತ್ತದೆ.

ಹೀಗೆ ಮೋಸಹೋಗದ ಮೂಗೊಂದನ್ನು ವಿಜ್ಞಾನಿಗಳು ಒಂದು ಬಗೆಯ ತುಕ್ಕಿನಿಂದಲೇ ಮಾಡಿದ್ದಾರೆ. ಲೋಹವು ಆಮ್ಲಜನಕದೊಡನೆ ಕೂಡಿದಾಗ ಉಂಟಾಗುವ ವಸ್ತುವೇ ಲೋಹದ ಆಕ್ಸೈಡ್. ಕಬ್ಬಿಣದ ತುಕ್ಕು ಅದರ ಮನೆಮಾತಿನ ಉದಾಹರಣೆ. ಜಪಾನಿನ ಸೇಯಾಮ 1962ರಲ್ಲಿ ಸತುವಿನ ಆಕ್ಸೈಡಿನ ತೆಳುಪದರದಿಂದ ಅನಿಲವನ್ನು ಪತ್ತೆಮಾಡಬಹುದೆಂದು ತೋರಿಸಿದರು. ಅದೇ ವರ್ಷ ನಾವೋಯೋಶಿ ತಾಗುಚಿ ತವರದ ಆಕ್ಸೈಡಿನ ಸಾಧನಕ್ಕೆ ಪೇಟೆಂಟ್ ಅರ್ಜಿ ಸಲ್ಲಿಸಿದರು. ಇಂಥ ಸಾಧನವನ್ನು ಮೂಗೆಂದು ಕರೆಯುವುದು ರೂಢಿಯಾದರೂ ಅದು ವಿಷಾನಿಲವನ್ನು ಮೂಸುವುದಿಲ್ಲ, ತನ್ನ ಮೈಗಂಟಿದ ಆಮ್ಲಜನಕದ ಲೆಕ್ಕವನ್ನಷ್ಟೇ ಇಡುತ್ತದೆ. 200ರಿಂದ 400 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದ ಆಕ್ಸೈಡಿನ ಕಣಗಳ ಮೇಲೆ ಗಾಳಿಯ ಆಮ್ಲಜನಕ ಕುಳಿತು, ಕಣದೊಳಗಿನ ಎಲೆಕ್ಟ್ರಾನುಗಳನ್ನು ಕಸಿದಿಟ್ಟುಕೊಳ್ಳುವುದರಿಂದ ವಿದ್ಯುತ್ತಿನ ಹರಿವಿಗೆ ಅಡ್ಡಿಯಾಗುತ್ತದೆ. ಕಾರ್ಬನ್ ಮಾನಾಕ್ಸೈಡಿನಂಥ ಅನಿಲ ಬಂದು ಆ ಆಮ್ಲಜನಕದೊಡನೆ ಉರಿದು ಹೋದಾಗ, ಸೆರೆಯಲ್ಲಿದ್ದ ಎಲೆಕ್ಟ್ರಾನುಗಳು ಒಳಗೆ ಮರಳಿ, ವಿದ್ಯುತ್ತು ಸರಾಗವಾಗಿ ಹರಿಯುತ್ತದೆ.

ಆಮ್ಲಜನಕದ ಈ ಹಿಡಿತ ತವರದ ಆಕ್ಸೈಡಿನಲ್ಲಿ ಸುಮಾರು 3 ನ್ಯಾನೋಮೀಟರ್ ಆಳದವರೆಗೆ ಮಾತ್ರ ಇಳಿಯುತ್ತದೆ. ಒಂದು ನ್ಯಾನೋಮೀಟರ್ ಎಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು. ಕಣವೇ 6 ನ್ಯಾನೋಮೀಟರಿಗೆ ಕುಗ್ಗಿದರೆ ಎರಡೂ ಕಡೆಯ ಹಿಡಿತಗಳು ನಡುವೆ ಕೂಡಿ ಇಡೀ ಕಣ ಅದಕ್ಕೆ ಸಿಕ್ಕುವುದರಿಂದ, ಅನಿಲದ ಅಲ್ಪ ಸ್ಪರ್ಶಕ್ಕೂ ಸಾಧನ ಎಚ್ಚರಗೊಳ್ಳುತ್ತದೆ.

ಬರಿಯ ಆಕ್ಸೈಡಿಗೆ ಎಚ್ಚರವಿದೆ, ವಿವೇಚನೆಯಿಲ್ಲ. ಉರಿಯುವ ಅನಿಲ ಯಾವುದೇ ಬಂದರೂ ಅದು ಕೂಗುತ್ತದೆ. ಎರಡು ವಸ್ತುಗಳನ್ನು ನ್ಯಾನೋ ಅಳತೆಯಲ್ಲಿ ಬೆಸೆದ ಸಂಯುಕ್ತದ ಚಮತ್ಕಾರ ಇಲ್ಲಿದೆ. ಜಪಾನಿನ ಕ್ಯುಶು ವಿಶ್ವವಿದ್ಯಾಲಯದ ಸಂಶೋಧಕರು 1990ರ ದಶಕದ ಆರಂಭದಲ್ಲಿ ತವರದ ಆಕ್ಸೈಡಿಗೆ ತಾಮ್ರದ ಆಕ್ಸೈಡ್ ಬೆರೆಸಿದರು. ಮೊದಲನೆಯದರಲ್ಲಿ ಎಲೆಕ್ಟ್ರಾನುಗಳು ವಿದ್ಯುತ್ತನ್ನು ಹೊರುತ್ತವೆ, ಎರಡನೆಯದರಲ್ಲಿ ಎಲೆಕ್ಟ್ರಾನುಗಳ ಕೊರತೆಯಿಂದಾದ ತೆರವುಗಳು ಹೊರುತ್ತವೆ; ಇವೆರಡೂ ತಾಗಿದ ಜಾಗದಲ್ಲಿ ವಿದ್ಯುತ್ತಿಗೆ ಗೋಡೆಯೊಂದು ಎದ್ದು ನಿಲ್ಲುತ್ತದೆ. ಹೈಡ್ರೋಜನ್ ಸಲ್ಫೈಡ್ ಸೋಕಿದೊಡನೆ ತಾಮ್ರದ ಆಕ್ಸೈಡ್ ತಾಮ್ರದ ಸಲ್ಫೈಡಾಗಿ, ಎಂದರೆ ಲೋಹದಂತೆ ವಿದ್ಯುತ್ತನ್ನು ಹಾಯಿಸುವ ವಸ್ತುವಾಗಿ ಬದಲಾಗಿ, ಗೋಡೆ ಕುಸಿಯುತ್ತದೆ. ಸಾಧನದ ರೋಧ ಸಾವಿರಾರು ಪಟ್ಟು ಇಳಿಯುತ್ತದೆ. ಬಿಸಿಯಾಗಿರುವ ಸಾಧನದ ಮೇಲೆ ಶುದ್ಧ ಗಾಳಿ ಹಾಯ್ದರೆ ಗಂಧಕ ಕಳಚಿ, ಗೋಡೆ ಮತ್ತೆ ಏಳುತ್ತದೆ. ಗುಂಡಿಗೆ ಇಳಿದವನ ಮೂಗನ್ನು ಕೆಡಿಸುವ ಅನಿಲವೇ ಈ ಮೂಗನ್ನು ಚುರುಕುಗೊಳಿಸುತ್ತದೆ ಎಂಬುದು ಸೊಗಸಾದ ಸಂಗತಿ.

ಕಲಬುರಗಿಯ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ, ಪಾಲಿಅನಿಲೀನ್ ಎಂಬ ವಿದ್ಯುತ್ ಹಾಯಿಸುವ ಪ್ಲಾಸ್ಟಿಕ್ಕಿಗೆ ಲೋಹದ ಆಕ್ಸೈಡ್ ಬೆಸೆದು, ಕಾಯಿಸುವ ಖರ್ಚನ್ನು ತಗ್ಗಿಸಬಲ್ಲ ಸಂಯುಕ್ತಗಳ ಅಧ್ಯಯನ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನವಕಾಂತ ಭಟ್ ಅವರಿಗೆ 2018ರ ಇನ್ಫೋಸಿಸ್ ಪ್ರಶಸ್ತಿ ಬಂದುದಕ್ಕೆ ಜೈವಿಕ ಸಂವೇದಕಗಳ ಜೊತೆಗೆ ಲೋಹದ ಆಕ್ಸೈಡಿನ ಅನಿಲ ಸಂವೇದಕಗಳ ಕೆಲಸವೂ ಕಾರಣ.

ಈ ಮೂಗಿಗೂ ಕುರುಡುಂಟು, ಅದೂ ಕಲಬುರಗಿ ಸೀಮೆಯವರು ತಿಳಿಯಲೇಬೇಕಾದ ಕಡೆಯಲ್ಲಿ. ಜೋಳ ತುಂಬಿಡುವ ನೆಲದೊಳಗಿನ ಹಗೇವನ್ನು ತೆರೆದು ಇಳಿದವರು ಕುಸಿದು ಬಿದ್ದಾಗ, ಭೂತ ಬಲಿ ಬೇಡಿತೆಂದು ನಿಂಬೆಹಣ್ಣು ಕೊಯ್ಯುವುದು ಶುದ್ಧ ಮೌಢ್ಯ. ಮುಚ್ಚಿಟ್ಟ ಕಾಳು ಉಸಿರಾಡಿ ಆಮ್ಲಜನಕವನ್ನು ಮುಗಿಸಿ ಇಂಗಾಲದ ಡೈಆಕ್ಸೈಡನ್ನು ತುಂಬಿರುತ್ತದೆ, ಅಷ್ಟೇ. ಆ ಅನಿಲ ಈಗಾಗಲೇ ಉರಿದು ಮುಗಿದದ್ದಾದ್ದರಿಂದ ಆಕ್ಸೈಡಿನ ಮೈಮೇಲಿನ ಆಮ್ಲಜನಕವನ್ನು ಮುಟ್ಟುವುದಿಲ್ಲ, ಸಾಮಾನ್ಯ ಸಾಧನಕ್ಕೆ ಕಾಣುವುದೂ ಇಲ್ಲ. ಅಲ್ಲದೆ ಆಮ್ಲಜನಕವಿಲ್ಲದ ಕಡೆ ಈ ಸಾಧನದ ಲೆಕ್ಕವೇ ತಪ್ಪುತ್ತದೆ. ಹಿರಿಯರು ಕಂದೀಲು ಇಳಿಬಿಟ್ಟು ನೋಡುತ್ತಿದ್ದುದು ಆಮ್ಲಜನಕದ ಮಟ್ಟಿಗೆ ಜಾಣತನವೇ ಆದರೂ, ಹೈಡ್ರೋಜನ್ ಸಲ್ಫೈಡ್ ಕೊಲ್ಲುವಷ್ಟಿರುವಾಗಲೂ ಕಂದೀಲು ಆರದೆ ಉರಿಯಬಲ್ಲದು, ಉರಿಯುವ ಅನಿಲ ತುಂಬಿದ ಗುಂಡಿಯಲ್ಲಿ ಅದೇ ಸ್ಫೋಟಕ್ಕೆ ಕಿಡಿಯಾಗಬಲ್ಲದು. ಆದ್ದರಿಂದ ಹಗೇವಿಗಾಗಲಿ ಗುಂಡಿಗಾಗಲಿ ಇಳಿಯುವ ಮುನ್ನ ಬಾಯಿ ತೆರೆದು ಗಾಳಿಯಾಡಿಸಿ, ಆಮ್ಲಜನಕವನ್ನೂ ವಿಷಾನಿಲವನ್ನೂ ಬೇರೆ ಬೇರೆಯಾಗಿ ಅಳೆಯಬೇಕು. ಒಳಗೆ ಬಿದ್ದವರನ್ನು ಎತ್ತಲು ಉಸಿರಾಟದ ಉಪಕರಣವಿಲ್ಲದೆ ಮತ್ತೊಬ್ಬರು ಇಳಿಯಲೇಬಾರದು.