ದುಬಾರಿ ಪೆಟ್ರೋಲ್ ನಮ್ಮ ಬೈಕಿಗೆ ಬೇಕೇ?

ಡೊಂಬಿವಲಿ, ಕಲ್ಯಾಣ್ ಪರಿಸರದ ನಮ್ಮ ಹುಡುಗರು ಅನೇಕರು ಲೋಕಲ್ ರೈಲಿನ ನೂಕುನುಗ್ಗಲಿಗೆ ಬೇಸತ್ತು, ಸಾಲ ಮಾಡಿ ಬೈಕ್ ಕೊಂಡು ಶಿಳ್‌ಫಾಟಾ ಮಾರ್ಗವಾಗಿ ನವಿಮುಂಬಯಿಗೆ ಕೆಲಸಕ್ಕೆ ಹೋಗುತ್ತಾರೆ. ಅವರಲ್ಲೊಬ್ಬನಾದ ನನ್ನ ಅಕ್ಕನ ಮಗ ಮೊನ್ನೆ ಕೇಳಿದ: "ಮಾವ, 95 ಆಕ್ಟೇನ್ ಹಾಕಿಸಿದರೆ ಗಾಡಿಗೆ ಶಕ್ತಿ ಹೆಚ್ಚಂತೆ, ಹೌದಾ?" ಒಂದು ವರ್ಷದಿಂದ ಅದನ್ನೇ ಹಾಕಿಸುತ್ತಿದ್ದಾನಂತೆ. ಊರಿಗೆ ಕಳುಹಿಸುವ ಹಣದಲ್ಲಿ ಅಷ್ಟು ಕಡಿತ!

ಆಕ್ಟೇನ್ ಎಂಬುದು ಪೆಟ್ರೋಲಿನ ತಾಳ್ಮೆಯ ಅಳತೆ. ಇಂಜಿನ್ನಿನೊಳಗೆ ಪಿಸ್ಟನ್ ಒತ್ತಿದ ಗಾಳಿ-ಪೆಟ್ರೋಲ್ ಮಿಶ್ರಣವು ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಕ್ರಮವಾಗಿ ಉರಿಯಬೇಕು. ಆ ಉರಿ ತಲುಪುವ ಮೊದಲೇ ಒತ್ತಡ, ಶಾಖಕ್ಕೆ ಉಳಿದ ಮಿಶ್ರಣ ತಾನಾಗಿ ಹೊತ್ತಿಕೊಂಡರೆ ಲೋಹ ಬಡಿದಂತೆ ಟಕಟಕ ಸದ್ದು ಕೇಳುತ್ತದೆ. ಇದೇ 'ನಾಕಿಂಗ್'. ಬಹುಕಾಲ ಮುಂದುವರಿದರೆ ಪಿಸ್ಟನ್ನಿಗೆ ಹಾನಿ. ಇದನ್ನು ಚೆನ್ನಾಗಿ ತಡೆಯುವ ಐಸೋ-ಆಕ್ಟೇನ್‌ಗೆ 100, ಸ್ವಲ್ಪವೂ ತಡೆಯದ ಹೆಪ್ಟೇನ್‌ಗೆ 0 ಅಂಕ ಕೊಟ್ಟು, ಉಳಿದುದನ್ನು ಹೋಲಿಸಿ ಅಳೆಯುತ್ತಾರೆ.

2020ರ ಏಪ್ರಿಲ್ 1ರಿಂದ ದೇಶವಿಡೀ ಜಾರಿಗೆ ಬಂದ ಬಿಎಸ್-6 ನಿಯಮದಂತೆ ಆಗ ಸಾದಾ ಪೆಟ್ರೋಲಿಗೆ ಕನಿಷ್ಠ 91 ಆಕ್ಟೇನ್ ಇರಬೇಕಾಗಿತ್ತು. ಅಷ್ಟೇ ಸಾಕೆಂದು ತಯಾರಾದ ಇಂಜಿನ್ನಿಗೆ 95 ಹಾಕಿಸಿದರೆ ಶಕ್ತಿಯಾಗಲಿ ಮೈಲೇಜ್ ಆಗಲಿ ಹೇಳಿಕೊಳ್ಳುವಷ್ಟು ಏರುವುದಿಲ್ಲ. ಮಿಶ್ರಣವನ್ನು ಹೆಚ್ಚು ಒತ್ತುವ ಕೆಲವು ದುಬಾರಿ ಬೈಕುಗಳಿಗೆ ಮಾತ್ರ ಅದು ಅಗತ್ಯ.

ಲೆಕ್ಕ ನೋಡಿ. ಇಂಡಿಯನ್ ಆಯಿಲ್‌ನ 100 ಆಕ್ಟೇನ್ ಪೆಟ್ರೋಲ್ 2020ರ ಡಿಸೆಂಬರ್‌ನಲ್ಲಿ ಬಂದಾಗ ದಿಲ್ಲಿಯಲ್ಲಿ ಲೀಟರಿಗೆ 160 ರೂ.; ಸಾದಾ ಪೆಟ್ರೋಲ್ ಸುಮಾರು 82 ರೂ. ತಿಂಗಳಿಗೆ 20 ಲೀಟರ್ ಹಾಕಿಸುವವನಿಗೆ 1,560 ರೂ. ವ್ಯತ್ಯಾಸ. 95ರಲ್ಲಿ ಅಂತರ ಕಡಿಮೆಯಾದರೂ ಅನಗತ್ಯ ಖರ್ಚು ಖರ್ಚೇ.

ಎಥೆನಾಲ್ ಬೆರೆತಾಗ ಪೆಟ್ರೋಲಿನ ಆಕ್ಟೇನ್ ಏರುತ್ತದೆ. ಆದರೆ ಎಥೆನಾಲಿನಲ್ಲಿ ಶಾಖಶಕ್ತಿ ಕಡಿಮೆ, ಆದ್ದರಿಂದ ಮೈಲೇಜ್ ತುಸು ಇಳಿಯಬಹುದು. ಆಕ್ಟೇನ್ ಬೇರೆ, ಶಕ್ತಿ ಬೇರೆ ಎಂಬುದಕ್ಕೆ ಇದೇ ಸಾಕ್ಷಿ.

ಆದುದರಿಂದ ಬೈಕಿನೊಂದಿಗೆ ಕೊಟ್ಟ ಪುಸ್ತಕ ತೆರೆದು ನೋಡಿ. 95 ಎಂದು ಬರೆದಿದ್ದರೆ ಜಿಪುಣತನ ಬೇಡ, ಅದನ್ನೇ ಹಾಕಿಸಿ. 91 ಎಂದಿದ್ದರೆ ಸಾದಾ ಪೆಟ್ರೋಲೇ ಸಾಕು. ಏರುದಾರಿಯಲ್ಲಿ ಟಕಟಕ ಕೇಳಿದರೆ ಮೊದಲು ಗೇರ್ ಇಳಿಸಿ. ಆಮೇಲೂ ನಿಲ್ಲದಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ. ಇಂಜಿನ್ನಿನಲ್ಲಿ ಮಸಿ ಕಟ್ಟಿರಬಹುದು, ಅತಿಯಾಗಿ ಬಿಸಿಯಾಗುತ್ತಿರಬಹುದು.

ಅಳಿಯನ ಪುಸ್ತಕದಲ್ಲಿದ್ದುದು 91. ಈಗ ಉಳಿಯುವ ಹಣವನ್ನು ಆರ್.ಡಿ.ಗೆ ಹಾಕೆಂದಿದ್ದೇನೆ.