ವೇಲ್ಸ್ ನಾಡಿನ ‘ಕೌಲ್’

ಪ್ರತಿ ವರ್ಷ ಮಾರ್ಚ್ 1ರಂದು ವೇಲ್ಸ್ ನಾಡಿನ ಜನರು ತಮ್ಮ ಪೋಷಕ ಸಂತನಾದ ಡೇವಿಡ್ಡನ ಹಬ್ಬವನ್ನು ಆಚರಿಸುತ್ತಾರೆ. ಈರುಳ್ಳಿಯ ಜಾತಿಗೆ ಸೇರಿದ ಲೀಕ್ ಎಂಬ ಸಸ್ಯವನ್ನು ಅಂದು ಉಡುಪಿಗೆ ಸಿಕ್ಕಿಸಿಕೊಳ್ಳುವ ಪದ್ಧತಿಯುಂಟು. ಅದೇ ಲೀಕ್ ಒಲೆಯ ಮೇಲಿನ ಪಾತ್ರೆಯನ್ನೂ ಸೇರುತ್ತದೆ. ಕುರಿಮರಿಯ ಮಾಂಸ, ಗಡ್ಡೆ ತರಕಾರಿ ಹಾಗೂ ಲೀಕ್ ಕೂಡಿ ಬೆಂದ ಆ ತೆಳುವಾದ ಸಾರಿನ ಹೆಸರು ‘ಕೌಲ್’.

ಹಿಂದೆ ಇದು ಹೊಲಗೆಲಸದವರ ನಿತ್ಯದ ಊಟವಾಗಿದ್ದಿತು. ಬೆಂಕಿಯ ಮೇಲೆ ತೂಗಿಬಿಟ್ಟ ಕಬ್ಬಿಣದ ಕೊಪ್ಪರಿಗೆಯಲ್ಲಿ, ಮನೆಯಲ್ಲಿ ಉಪ್ಪು ಹಾಕಿಟ್ಟ ಹಂದಿಮಾಂಸವನ್ನೋ ಕುರಿಮಾಂಸವನ್ನೋ ಹಾಕಿ, ಹಿತ್ತಲಿನಲ್ಲಿ ಬೆಳೆದುದನ್ನೆಲ್ಲ ಸೇರಿಸುತ್ತಿದ್ದರು. ಇಂದು ಅನಿವಾರ್ಯವೆನಿಸಿರುವ ಆಲೂಗಡ್ಡೆ, ಅಮೆರಿಕ ಖಂಡದಿಂದ ಯುರೋಪಿಗೆ ಬಂದ ಮೇಲಷ್ಟೇ ಇದರೊಳಗೆ ಸೇರಿತು. ಉಣ್ಣಲು ಮರದ ಬಟ್ಟಲು, ಮರದ ಚಮಚ. ಕುದಿಯುವ ಸಾರು ತುಟಿಯನ್ನು ಸುಡದಂತೆ ಮಾಡಿದ ಜಾಣತನವಿದು.

ಆರು ಮಂದಿಗೆ, ಕುತ್ತಿಗೆಯ ಅಥವಾ ಮುಂಗಾಲಿನ ಭಾಗದ ಮೂಳೆಸಹಿತ ಮಾಂಸ ಸುಮಾರು 1 ಕಿಲೋ, ನೀರು 2 ಲೀಟರು ಬೇಕು. ಎಳೆಯ ತೊಡೆಯ ಮಾಂಸ ಇದಕ್ಕೆ ವ್ಯರ್ಥ. ಅಗ್ಗದ ತುಂಡುಗಳಲ್ಲಿರುವ ಗಟ್ಟಿಯಾದ ಕೊಲಾಜನ್ ನಿಧಾನವಾದ ಕಾವಿನಲ್ಲಿ ಜಿಲಾಟಿನ್ ಆಗಿ ಕರಗಿ, ಸಾರಿಗೆ ಮೈ ಕೊಡುತ್ತದೆ. ಮಾಂಸವನ್ನು ತಣ್ಣೀರಿನಲ್ಲಿಯೇ ಇಟ್ಟು ಕಾಯಿಸಿ, ಮೇಲೆ ಬರುವ ನೊರೆಯನ್ನು ತೆಗೆದು, ಸಣ್ಣ ಉರಿಯಲ್ಲಿ ಎರಡು ಗಂಟೆ ಬೇಯಿಸಬೇಕು; ಭೋರೆಂದು ಕುದಿಸಿದರೆ ಸಾರು ಕದಡುತ್ತದೆ. ಅಷ್ಟಾದ ಮೇಲೆ ಆ ರಾತ್ರಿ ಪಾತ್ರೆಯನ್ನು ತಣ್ಣಗಿಟ್ಟರೆ ಕೊಬ್ಬು ಬಿಳಿಯ ಹಲ್ಲೆಯಾಗಿ ಮೇಲೆ ಹೆಪ್ಪುಗಟ್ಟುವುದು. ಅದನ್ನು ಎತ್ತಿ ಬಿಸಾಡಬಹುದು. ರಕ್ತದ ಕೊಲೆಸ್ಟರಾಲ್ ಹೆಚ್ಚಿರುವವರಿಗೆ ಕುರಿಕೊಬ್ಬು ಹಿತವಲ್ಲವಾದ್ದರಿಂದ, ಈ ಒಂದು ರಾತ್ರಿಯ ತಾಳ್ಮೆ ಔಷಧಿಯಷ್ಟೇ ಬೆಲೆಯುಳ್ಳದ್ದು.

ಮರುದಿನ ಕ್ಯಾರೆಟ್ಟು ಮತ್ತು ಸ್ವೀಡ್ ಎಂಬ ಹಳದಿ ಗಡ್ಡೆ, ಕಾಲು ಗಂಟೆಯ ಬಳಿಕ ಆಲೂಗಡ್ಡೆ, ಕೊನೆಯ ಹತ್ತು ನಿಮಿಷಕ್ಕೆ ಲೀಕ್. ಲೀಕಿನ ಪದರಗಳ ನಡುವೆ ಮಣ್ಣು ಅಡಗಿರುವುದರಿಂದ ಸೀಳಿ ತೊಳೆಯುವುದು ಅವಶ್ಯ. ಅದು ದೊರೆಯದಿದ್ದಲ್ಲಿ ಈರುಳ್ಳಿಹೂವಿನ ಎಸಳು ಸಮೀಪದ ರುಚಿಯನ್ನು ಕೊಡುವುದು. ಮಸಾಲೆಯೆಂದರೆ ಉಪ್ಪು ಮತ್ತು ಮೆಣಸಿನಪುಡಿಯಷ್ಟೆ. ನಮ್ಮ ನಾಲಗೆಗೆ ಮೊದಲ ತುತ್ತು ಸಪ್ಪೆಯೆನಿಸಿದರೆ ಆಶ್ಚರ್ಯವಿಲ್ಲ. ಜೊತೆಗೆ ರೊಟ್ಟಿಯ ಹೋಳು, ಚೀಸಿನ ತುಂಡು.

ತರಕಾರಿಯಿಂದ ನೀರಿಗಿಳಿದ ಪೊಟ್ಯಾಸಿಯಂ, ಬಿ ಜೀವಸತ್ವಗಳಲ್ಲಿ ಉಳಿದಷ್ಟು ಭಾಗ, ಸಾರನ್ನು ಚೆಲ್ಲದೆ ಕುಡಿಯುವುದರಿಂದ ದೇಹಕ್ಕೆ ದಕ್ಕುತ್ತದೆ. ಮಾಂಸದ ಕಬ್ಬಿಣಾಂಶವೂ ಸುಲಭವಾಗಿ ಹೀರಲ್ಪಡುವಂಥದು. ಆದರೆ ಉಪ್ಪುಮಾಂಸ ಬಳಸಿದ ಹಳೆಯ ಬಗೆ ರಕ್ತದೊತ್ತಡದವರಿಗೆ ಸಲ್ಲದು. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯನ್ನು ಅಂಥ ಎರಡು ಬಟ್ಟಲೇ ಮುಟ್ಟಿಬಿಡಬಹುದು. ಮೂತ್ರಪಿಂಡದ ರೋಗಿಗಳು ವೈದ್ಯರನ್ನು ಕೇಳದೆ ಈ ಪೊಟ್ಯಾಸಿಯಂಭರಿತ ಸಾರನ್ನು ಕುಡಿಯಬಾರದು.

ಮರುಬಿಸಿ ಮಾಡಿದ ಕೌಲಿಗೆ ವೆಲ್ಷ್ ಭಾಷೆಯಲ್ಲಿ ಪ್ರತ್ಯೇಕ ಹೆಸರೇ ಇದೆ; ನಿನ್ನೆಯ ಹುಳಿಯ ರುಚಿ ಬಲ್ಲ ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ. ಅಪಾಯವಿರುವುದೂ ಇಲ್ಲಿಯೇ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಜೀವಾಣುವಿನ ಬೀಜಕಗಳು ಕುದಿತದಲ್ಲಿಯೂ ಸಾಯುವುದಿಲ್ಲ. ದೊಡ್ಡ ಪಾತ್ರೆ ಮೆಲ್ಲಮೆಲ್ಲನೆ ಆರುತ್ತಿರುವಾಗ ಅವು ಮೊಳೆತು, ಉಗುರುಬೆಚ್ಚಗಿನ ಮಾಂಸದ ಸಾರಿನಲ್ಲಿ ಅತಿ ವೇಗವಾಗಿ ವೃದ್ಧಿಯಾಗುತ್ತವೆ. ಅದನ್ನು ಉಂಡ 6ರಿಂದ 24 ಗಂಟೆಗಳೊಳಗೆ ಹೊಟ್ಟೆನುಲಿತ, ಭೇದಿ ಕಾಣಿಸಿಕೊಳ್ಳುವುದು. ಸಾಮಾನ್ಯವಾಗಿ ಒಂದು ದಿನದಲ್ಲಿ ಶಮನವಾದರೂ, ವೃದ್ಧರಿಗೂ ಎಳೆಯ ಮಕ್ಕಳಿಗೂ ನಿರ್ಜಲತೆಯಿಂದ ಪ್ರಾಣಕ್ಕೇ ಸಂಚಕಾರ ಬರಬಹುದು.

ಆದಕಾರಣ ಕೊಬ್ಬು ಹೆಪ್ಪುಗಟ್ಟಿಸಲೆಂದು ಪಾತ್ರೆಯನ್ನು ರಾತ್ರಿಯಿಡೀ ಅಡುಗೆಮನೆಯ ಕಟ್ಟೆಯ ಮೇಲೆ ಬಿಡಕೂಡದು; ಚಳಿನಾಡಿನ ಆ ರೂಢಿ ಮುಂಬಯಿ, ಚೆನ್ನೈಗಳ ಸೆಕೆಗೆ ಒಗ್ಗುವಂಥದಲ್ಲ. ಮೂಳೆಗಳನ್ನು ತೆಗೆದು, ಸಾರನ್ನು ಅಗಲವಾದ ಎರಡು ಮೂರು ಪಾತ್ರೆಗಳಿಗೆ ಹಂಚಿ, ತಣ್ಣೀರಿನ ಬೋಗುಣಿಯಲ್ಲಿಟ್ಟು ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು. ಮರುದಿನ ಆ ಹೊತ್ತಿಗೆ ಬೇಕಾದಷ್ಟನ್ನು ಮಾತ್ರ ತೆಗೆದು, ನಡುಭಾಗವೂ ಕೊತಕೊತ ಕುದಿಯುವವರೆಗೆ ಕಾಯಿಸಿ ಬಡಿಸಬೇಕು. ಹಾಗೆ ಕಾಯಿಸಿ ಮಿಕ್ಕಿದ್ದನ್ನು ಮತ್ತೆ ಒಳಗಿಡಬಾರದು.